ಏಳು ಕೆಂಪು ಚುಕ್ಕೆಗಳು

ಆ ಕಾರಿನ ಬಾಗಿಲಿಗೆ ಹಿಡಿಯೇ ಇರಲಿಲ್ಲ. ಇತ್ತಂತೆ, ಒಳಗೆ ಅಡಗಿಕೊಂಡಿತ್ತಂತೆ, ನಾವು ಹತ್ತಿರ ಹೋದರೆ ತಾನಾಗಿ ಹೊರಗೆ ಬರುತ್ತದಂತೆ. ನಾನು ಹತ್ತಿರವೇ ನಿಂತಿದ್ದೆ, ಅದು ಬರಲಿಲ್ಲ. ಕೋಟು ತೊಟ್ಟ ಶೋರೂಮಿನ ಯುವಕ ದೂರದಿಂದ ನಡೆದು ಬಂದ ಮೇಲೆ ಟಪ್ ಎಂದು ನಾಲ್ಕೂ ಹಿಡಿಗಳು ಎದ್ದು ನಿಂತವು. ಕೀ ಅವನ ಜೇಬಿನಲ್ಲಿತ್ತು. ಈ ಕಾರು ಗುರುತಿಸುವುದು ಜೇಬನ್ನು, ಮನುಷ್ಯರನ್ನಲ್ಲ ಎಂದು ಮಗಳ ಕಿವಿಯಲ್ಲಿ ಹೇಳಿದೆ. ಅವಳು ಸುಮ್ಮನಿರು ಎಂಬಂತೆ ನನ್ನ ಮೊಣಕೈ ಚಿವುಟಿದಳು.

ಅಲ್ಲಿಗೆ ಹೋದದ್ದು ನನ್ನ ಇಷ್ಟದಿಂದಲ್ಲ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಕೆಳಗೆ ನಾನು, ಮೇಲೆ ಮಗಳು, ಅಳಿಯ, ಎರಡನೇ ಕ್ಲಾಸಿನ ಮೊಮ್ಮಗಳು. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಮುಂಚೆ ಕೆಲಸಕ್ಕೆ ಹೊರಡುತ್ತಾರೆ. ಮಗುವನ್ನು ಬಸವನಗುಡಿಯ ಶಾಲೆಗೆ ಬಿಡುವವಳು ನಾನು, ಮಧ್ಯಾಹ್ನ ಮೂರಕ್ಕೆ ಕರೆದುಕೊಂಡು ಬರುವವಳೂ ನಾನು. ಹದಿನೈದು ವರ್ಷದ ನನ್ನ ಪುಟ್ಟ ಕಾರಿನಲ್ಲಿ ಅವಳು ಹಿಂದಿನ ಸೀಟಿನಲ್ಲಿ ಕೂತು, ಯಾರು ಯಾರ ರಬ್ಬರ್ ಕದ್ದರು, ಮಿಸ್ ಯಾರನ್ನು ಬೈದರು, ತಾನು ಯಾಕೆ ಊಟದ ಡಬ್ಬಿಯ ಪಲ್ಯವನ್ನು ಪಕ್ಕದವಳಿಗೆ ಕೊಟ್ಟುಬಿಟ್ಟೆ ಎಂಬುದನ್ನೆಲ್ಲ ಹೇಳುತ್ತಾಳೆ. ಮನೆಗೆ ಬಂದು ಮೆಟ್ಟಿಲು ಹತ್ತಿದ ಮೇಲೆ ಅದರಲ್ಲಿ ಒಂದನ್ನೂ ತನ್ನ ಅಮ್ಮನಿಗೆ ಹೇಳುವುದಿಲ್ಲ. ಇಡೀ ದಿನದಲ್ಲಿ ನನಗೆ ಬೇಕಾದದ್ದು ಆ ಇಪ್ಪತ್ತು ನಿಮಿಷ ಮಾತ್ರ.

ಎರಡು ತಿಂಗಳ ಹಿಂದೆ ಎದುರು ಮನೆಯ ಗೇಟಿನ ಕಂಬಕ್ಕೆ ತಾಗಿ ನನ್ನ ಕಾರಿನ ಕನ್ನಡಿ ಮುರಿಯಿತು. ಆ ಕಂಬವನ್ನು ಅವರು ರಸ್ತೆಯ ಮೇಲೆ ಒಂದು ಅಡಿ ಮುಂದಕ್ಕೆ ಕಟ್ಟಿಸಿಕೊಂಡಿದ್ದರು, ಅದನ್ನು ಕೇಳುವವರಿಲ್ಲ. ಕೇಳಿದ್ದೆಲ್ಲ ನನ್ನನ್ನು. ಕಣ್ಣು ಪರೀಕ್ಷೆ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಾಗಿದ್ದದ್ದು ಅವರಿಗೆ ಸಮಾಧಾನ ಕೊಟ್ಟ ಹಾಗೆ ಕಾಣಲಿಲ್ಲ. ಕಡೆಗೆ ಅಳಿಯ ಒಂದು ಉಪಾಯ ಹುಡುಕಿದ. ಮನೆಗೆ ಹೇಗೂ ದೊಡ್ಡ ಕಾರು ತೆಗೆದುಕೊಳ್ಳಬೇಕು, ಎಲೆಕ್ಟ್ರಿಕ್ ಸೆಡಾನ್ ತೆಗೆದುಕೊಳ್ಳೋಣ, ಅದು ತಾನೇ ಬ್ರೇಕ್ ಹಾಕುತ್ತದೆ, ತಾನೇ ರಸ್ತೆಯ ಗೆರೆಯೊಳಗೆ ಇರುತ್ತದೆ, ಅಮ್ಮ ಅದನ್ನೇ ಓಡಿಸಲಿ. ಅಂದರೆ ಕಾರಿಗೆ ನಾನು ಕಾವಲಲ್ಲ, ನನಗೆ ಕಾರು ಕಾವಲು. ಇದನ್ನು ಒಪ್ಪಿಕೊಂಡರೆ ಮಗು ನನ್ನ ಜೊತೆ ಬರುತ್ತದೆ, ಇಲ್ಲದಿದ್ದರೆ ಸ್ಕೂಲ್ ವ್ಯಾನು. ಒಪ್ಪಿಕೊಂಡೆ.

ನಾನು ಡ್ರೈವಿಂಗ್ ಕಲಿತದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ. ಪೇಟೆಯಲ್ಲಿ ನಮ್ಮ ಯಜಮಾನರಿಗೆ ಸೀರೆಯ ಸಗಟು ಅಂಗಡಿ ಇತ್ತು, ಸ್ಟೀರಿಂಗ್ ಹಿಡಿದರೆ ಅವರ ಕೈ ನಡುಗುತ್ತಿತ್ತು. ಹಾಗಾಗಿ ಗಂಟುಗಳನ್ನು ವ್ಯಾನಿಗೆ ತುಂಬಿಕೊಂಡು ಮಲ್ಲೇಶ್ವರದಿಂದ ಹಿಡಿದು ಮತ್ತಿಕೆರೆಯವರೆಗೆ ಅಂಗಡಿಗಳಿಗೆ ಮುಟ್ಟಿಸಿದವಳು ನಾನು. ಅವರು ಪಕ್ಕದಲ್ಲಿ ಪೇಪರ್ ಓದುತ್ತಾ ಕೂರುತ್ತಿದ್ದರು. ಮೂವತ್ತೈದು ವರ್ಷದಲ್ಲಿ ಒಬ್ಬರ ಮೈಗೂ ನನ್ನ ಗಾಡಿ ತಾಗಿಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು. ಇದ್ದಿದ್ದರೆ ಈ ಟೆಸ್ಟ್ ಡ್ರೈವಿನ ಮಾತು ಕೇಳಿಯೇ ನಗುತ್ತಿದ್ದರು.

ಶೋರೂಮು ಇರುವುದು ಬಸವನಗುಡಿಯಲ್ಲಿ, ಮೊದಲು ಮದುವೆ ಛತ್ರವಿದ್ದ ಜಾಗದಲ್ಲಿ. ಆ ಛತ್ರದಲ್ಲಿ ನಾನು ಎಷ್ಟು ಸಲ ಎಲೆ ಹಾಕಿಸಿಕೊಂಡು ಕೂತಿದ್ದೇನೋ. ಈಗ ಅಲ್ಲಿ ನೆಲವೆಲ್ಲ ಬಿಳಿ, ಕೂತವರಿಗೆ ಪೇಪರ್ ಲೋಟದಲ್ಲಿ ಆರಿದ ಕಾಫಿ. ಯುವಕ ಮಗಳಿಗೆ ಕುರ್ಚಿ ಎಳೆದುಕೊಟ್ಟ, ಗಾಡಿಯ ವಿಷಯವನ್ನೆಲ್ಲ ಅವಳಿಗೇ ಹೇಳಿದ. ಓಡಿಸುವವರು ಯಾರು, ಸರ್ ಬರುತ್ತಾರಾ ಎಂದು ವಿಚಾರಿಸಿದ. ನಾನೇ ಎಂದಾಗ ಒಂದು ಕ್ಷಣ ನನ್ನ ಸೀರೆಯ ಕಡೆ ನೋಡಿದ, ಆಮೇಲೆ ಲೈಸೆನ್ಸ್ ಕೇಳಿದ. ಲೈಸೆನ್ಸನ್ನು ಎರಡೂ ಕಡೆ ತಿರುಗಿಸಿ ಓದಿದ. ಬಂದಾಗ ಮೇಡಂ ಆಗಿದ್ದವಳು ಅದನ್ನು ಹಿಂದಿರುಗಿಸುವ ಹೊತ್ತಿಗೆ ಅವನಿಗೆ ಆಂಟಿ ಆಗಿದ್ದೆ.

ಅವನ ಎಣಿಕೆಯಲ್ಲಿ ನಾವು ಕನಕಪುರ ರಸ್ತೆಯ ಕಡೆ ಹೋಗಬೇಕಿತ್ತು. ಅಲ್ಲಿ ರಸ್ತೆ ಅಗಲ, ಕಾರಿನ ವೇಗ ಗೊತ್ತಾಗುತ್ತದೆ ಎಂದ. ನಾನು ಒಪ್ಪಲಿಲ್ಲ. ದಿನಾ ನಾನು ಓಡಿಸುವುದು ಚಾಮರಾಜಪೇಟೆಯ ಓಣಿಗಳಲ್ಲಿ, ಗಾಂಧಿ ಬಜಾರಿನ ಹೂವಿನ ಬುಟ್ಟಿಗಳ ಮಧ್ಯೆ. ಕಾರು ಅಲ್ಲಿ ಹೇಗಿರುತ್ತದೆ ನೋಡಬೇಕು, ಇಲ್ಲಿಂದ ಚಾಮರಾಜಪೇಟೆ, ಅಲ್ಲಿಂದ ವಾಪಸು ಎಂದೆ. ಶನಿವಾರ ಮಧ್ಯಾಹ್ನ ಎರಡೂವರೆ, ಊಟ ಮುಗಿಸಿ ಹೋಗಿದ್ದೆವು. ಅವನು ನನ್ನ ಪಕ್ಕದಲ್ಲಿ ಕೂತ, ಮಗಳು ಹಿಂದೆ ಕೂತಳು.

ಕಾರಿನ ಬಗ್ಗೆ ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಹೊರಟದ್ದೇ ಗೊತ್ತಾಗಲಿಲ್ಲ. ಗೇರಿಲ್ಲ, ಕ್ಲಚ್ಚಿಲ್ಲ, ಸದ್ದಿಲ್ಲ. ಆದರೆ ಫ್ಯಾನು ಜೋರು ಮಾಡಲು ಒಂದು ಗುಂಡಿ ಇಟ್ಟಿರಲಿಲ್ಲ. ಎಲ್ಲವೂ ನಡುವಿನ ಗಾಜಿನ ಪರದೆಯಲ್ಲಿ. ಪರದೆಯನ್ನು ನೋಡಿದರೆ ರಸ್ತೆ ನೋಡುತ್ತಿಲ್ಲ ಎಂದು ಅದೇ ಪರದೆ ಬೈಯುತ್ತದೆ. ಗಾಂಧಿ ಬಜಾರಿನಲ್ಲಿ ಒಬ್ಬಾತ ಕೈಚೀಲ ಹಿಡಿದು ನಮ್ಮ ಮುಂದೆಯೇ ನಿಂತು ಅವರೆಕಾಯಿ ಚೌಕಾಸಿ ಮಾಡುತ್ತಿದ್ದ. ಕಾರು ತಾನೇ ಗಕ್ಕನೆ ನಿಂತಿತು. ಯುವಕ ಹೆಮ್ಮೆಯಿಂದ ಮಗಳ ಕಡೆ ತಿರುಗಿ ನೋಡಿದ. ನಾನೂ ಅಷ್ಟು ಹೊತ್ತಿಗೆ ಬ್ರೇಕಿನ ಮೇಲೆ ಕಾಲಿಟ್ಟಿದ್ದೆ, ಅದನ್ನು ಯಾರೂ ನೋಡಲಿಲ್ಲ.

ಮೊದಲ ಸಲ ಅದು ಕೂಗಿದ್ದು ಗಣಪತಿ ಗುಡಿಯ ಮುಂದೆ. ಟೀಂ ಟೀಂ ಎಂದು ಶಬ್ದ, ಸ್ಟೀರಿಂಗ್ ಕೈಯಲ್ಲಿ ಗುರ್ ಎಂದು ನಡುಗಿತು, ಪರದೆಯಲ್ಲಿ ಒಂದು ಕಾಫಿ ಲೋಟದ ಚಿತ್ರ ಮೂಡಿತು. ಏನಿದು ಎಂದು ಕೇಳಿದೆ. ನೀವು ಕಣ್ಣು ಮುಚ್ಚಿದಿರಿ ಆಂಟಿ, ಸುಸ್ತಾಗಿದ್ದರೆ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ ಅನ್ನುತ್ತಿದೆ ಎಂದ. ಸ್ಟೀರಿಂಗಿನ ಹಿಂದೆ ಒಂದು ಕ್ಯಾಮೆರಾ ಇಟ್ಟಿದ್ದಾರೆ, ಅದು ಪೂರ್ತಿ ಹೊತ್ತು ನನ್ನ ಮುಖವನ್ನೇ ನೋಡುತ್ತಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗ.

ನಾನು ಕಣ್ಣು ಮುಚ್ಚಿದ್ದು ನಿಜ. ಗುಡಿ ಬಂದರೆ ಬಲಗೈ ಸ್ಟೀರಿಂಗ್ ಬಿಟ್ಟು ಮೇಲೇಳುತ್ತದೆ, ಬೆರಳು ಕಣ್ಣಿಗೊತ್ತುತ್ತದೆ, ಎದೆಗೆ ಮುಟ್ಟುತ್ತದೆ, ವಾಪಸು ಸ್ಟೀರಿಂಗಿಗೆ ಬರುತ್ತದೆ. ರೆಪ್ಪೆ ಮುಚ್ಚಿ ತೆರೆಯುವಷ್ಟು ಹೊತ್ತು. ಇದನ್ನು ನಾನು ಮಾಡುವುದಲ್ಲ, ಕೈ ಮಾಡುತ್ತದೆ. ನಮ್ಮ ಊರಿನಲ್ಲಿ ಬಸ್ಸಿನ ಡ್ರೈವರ್ ಮಾಡುತ್ತಾರೆ, ಆಟೋದವರು ಮಾಡುತ್ತಾರೆ, ಸ್ಕೂಟರಿನಲ್ಲಿ ಹೋಗುವ ಕಾಲೇಜು ಹುಡುಗಿಯರೂ ಮಾಡುತ್ತಾರೆ. ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಯಾವ ತಿರುವಿನಲ್ಲಿ ಯಾವ ದೇವರಿದೆ ಎಂದು ಗೊತ್ತಿಲ್ಲದ ಯಂತ್ರ ನನಗೆ ಕಾಫಿ ಕುಡಿ ಎನ್ನುತ್ತದೆ. ಮೈ ಉರಿಯಿತು.

ಮುಂದೆ ಆಂಜನೇಯ ಬಂದ, ಕೂಗಿತು. ಅರಳಿಕಟ್ಟೆಯ ನಾಗರಕಲ್ಲುಗಳು ಬಂದವು, ಕೂಗಿತು. ಚಾಮರಾಜಪೇಟೆಯಲ್ಲಿ ನಮ್ಮ ಬೀದಿಯ ಮಾರಮ್ಮನ ಮುಂದೆ ಕೂಗಿತು. ಅದರ ಆಚೆಗೆ ಒಂದು ಸಣ್ಣ ದರ್ಗಾ ಇದೆ. ಮಗಳಿಗೆ ಚಿಕ್ಕಂದಿನಲ್ಲಿ ಜ್ವರ ಬಿಡದಿದ್ದಾಗ ಅಲ್ಲಿ ಸಕ್ಕರೆ ಓದಿಸಿಕೊಂಡು ಬಂದಿದ್ದೆ, ಅಂದಿನಿಂದ ಅಲ್ಲಿಗೂ ಕೈ ಏಳುತ್ತದೆ. ಅಲ್ಲೂ ಕೂಗಿತು. ಯುವಕ ಮೊದಲು ನಕ್ಕ, ಆಮೇಲೆ ಇದನ್ನು ಆಫ್ ಮಾಡಲು ಬರುವುದಿಲ್ಲ ಎಂದ, ಆಮೇಲೆ ಬ್ಯಾಟರಿಯ ವಿಷಯ ಶುರುಮಾಡಿದ. ಎಷ್ಟು ಕಿಲೋಮೀಟರು, ಎಷ್ಟು ಗಂಟೆ ಚಾರ್ಜು, ಎಷ್ಟು ವರ್ಷ ಗ್ಯಾರಂಟಿ ಎಂದು ಒಂದೇ ಸಮನೆ ಹೇಳುತ್ತಿದ್ದ. ಮಗಳು ಹಿಂದೆ ಫೋನ್ ನೋಡುತ್ತಿದ್ದಳು. ವಾಪಸು ಬರುವಾಗ ಅದು ಇನ್ನೆರಡು ಸಲ ಕೂಗಿತು. ಅಷ್ಟು ಹೊತ್ತಿಗೆ ನನಗೆ ಸಾಕಾಗಿ ಹೋಗಿತ್ತು, ಕೂಗಿದಾಗಲೆಲ್ಲ ಬೈದುಕೊಂಡೇ ಓಡಿಸಿದೆ.

ಶೋರೂಮಿಗೆ ಬಂದು ಇಳಿದ ಮೇಲೆ ಯುವಕ ಟ್ಯಾಬ್ಲೆಟ್ಟಿನಲ್ಲಿ ಒಂದು ನಕ್ಷೆ ತೆಗೆದ. ನಾವು ಹೋಗಿ ಬಂದ ದಾರಿ ಅದರಲ್ಲಿ ನೀಲಿ ಗೆರೆಯಾಗಿತ್ತು, ಗೆರೆಯ ಮೇಲೆ ಏಳು ಕೆಂಪು ಚುಕ್ಕೆಗಳಿದ್ದವು. ಟೆಸ್ಟ್ ಡ್ರೈವ್ ಮಾಡಿದವರಿಗೆಲ್ಲ ಇದನ್ನು ಕೊಡುತ್ತಾರಂತೆ. ಚಾಲಕರ ಗಮನ ಎಂಬ ಸಾಲಿನ ಎದುರಿಗೆ ಕೆಂಪು ಅಕ್ಷರದಲ್ಲಿ ಕಳಪೆ ಎಂಬರ್ಥದ ಇಂಗ್ಲಿಷ್ ಪದವಿತ್ತು. ಅವನು ಅದನ್ನು ನನಗೆ ತೋರಿಸಲಿಲ್ಲ, ನಾನೇ ಓರೆಗಣ್ಣಿನಿಂದ ನೋಡಿಕೊಂಡೆ. ಮಗಳನ್ನು ಪಕ್ಕಕ್ಕೆ ಕರೆದು ತೋರಿಸಿದ.

"ಆಂಟಿಗೆ ಸ್ವಲ್ಪ ಏಜ್ ಆಯ್ತಲ್ವಾ ಮೇಡಂ," ಎಂದು ದನಿ ತಗ್ಗಿಸಿ ಹೇಳಿದ. "ಮಗು ಬೇರೆ ಜೊತೇಲಿರುತ್ತೆ ಅಂತೀರ. ಒಬ್ರು ಡ್ರೈವರ್ ಇಟ್ಕೊಂಡ್ಬಿಡಿ."

ನನ್ನ ಕಿವಿ ಚೆನ್ನಾಗಿಯೇ ಕೇಳುತ್ತದೆ. ಮೂವತ್ತೈದು ವರ್ಷದ ನನ್ನ ಡ್ರೈವಿಂಗಿಗೆ, ಹುಟ್ಟಿ ಒಂದು ವರ್ಷವಾಗಿರದ ಒಂದು ಕಾರು ಮಾರ್ಕ್ಸ್ ಕೊಟ್ಟಿತ್ತು. ಅದನ್ನು ಗಿಣಿಯ ಹಾಗೆ ಒಪ್ಪಿಸಲು ಇವನೊಬ್ಬ. ಅಲ್ಲಿಯೇ ನಾಲ್ಕು ಮಾತು ಅಂದುಬಿಡುತ್ತಿದ್ದೆ. ಮಗಳ ಮುಖ ನೋಡಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಆ ಏಳು ಚುಕ್ಕೆಗಳನ್ನು ತನ್ನ ಫೋನಿಗೆ ಕಳಿಸಿಕೊಳ್ಳುತ್ತಿದ್ದಳು.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಹೇಳಿದಳು.

"ಅಮ್ಮ, ಸೋಮವಾರದಿಂದ ಪಾಪು ವ್ಯಾನಲ್ಲಿ ಹೋಗ್ಲಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಲಿಲ್ಲ, ಜಗಳ ಮಾಡಿದೆ. ನಿನ್ನನ್ನು ಪರೀಕ್ಷೆಗೆ, ಆಸ್ಪತ್ರೆಗೆ, ಹೆರಿಗೆಗೆ ಕರೆದುಕೊಂಡು ಹೋದವಳು ಯಾರು ಎಂದು ಕೇಳಿದೆ. ಹೆರಿಗೆಗೆ ಹೋಗುವಾಗ ಅದೇ ಮಾರಮ್ಮನ ಮುಂದೆ ನಾನು ಕೈ ಎತ್ತಿದ್ದಕ್ಕೆ ನೀನು ನೋವಿನಲ್ಲೂ ಕೈ ಮುಗಿದಿರಲಿಲ್ಲವೇ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಯಾವ ಮಾರಮ್ಮ, ಮಾರಮ್ಮನಿಗೂ ಇದಕ್ಕೂ ಏನು ಸಂಬಂಧ ಎಂದಳು. ಇಡೀ ದಾರಿ ಫೋನ್ ನೋಡಿಕೊಂಡು ಕೂತಿದ್ದವಳಿಗೆ ಕಾರು ಎಲ್ಲೆಲ್ಲಿ ಕೂಗಿತು ಎಂಬುದೇ ತಿಳಿದಿರಲಿಲ್ಲ. ಆಗ ನನಗೆ ದಾರಿ ಹೊಳೆಯಿತು. ಅವಳ ಫೋನಿನಲ್ಲಿದ್ದ ನಕ್ಷೆಯನ್ನು ಊಟದ ಮೇಜಿನ ಮೇಲೆ ಇಡಿಸಿದೆ, ಒಂದು ಹಾಳೆ ಪೆನ್ನು ತೆಗೆದುಕೊಂಡೆ, ಒಂದೊಂದು ಚುಕ್ಕೆಯನ್ನೂ ಬೆರಳಿನಿಂದ ದೊಡ್ಡದು ಮಾಡಿಸಿ ಅದರ ದೇವರನ್ನು ಬರೆಯುತ್ತಾ ಹೋದೆ.

ಒಂದು, ಗಣಪತಿ. ಎರಡು, ಆಂಜನೇಯ. ಮೂರು, ನಾಗರಕಲ್ಲು. ನಾಲ್ಕು, ಮಾರಮ್ಮ. ಐದು, ದರ್ಗಾ. ಬರೆಯುತ್ತಾ ಬರೆಯುತ್ತಾ ಮಗಳ ಮುಖ ಸಡಿಲವಾಗುವುದು ನನಗೆ ಕಾಣುತ್ತಿತ್ತು. ಮಾರಮ್ಮನ ಹೊತ್ತಿಗೇ ಅವಳಿಗೆ ನಗು ಬಂದಿತ್ತು. ದರ್ಗಾ ಎಂದು ಬರೆದಾಗ ಬಾಯಿ ಮುಚ್ಚಿಕೊಂಡು ನಕ್ಕಳು. ಏಳು, ಶನಿಮಹಾತ್ಮ, ಶೋರೂಮಿನ ಹಿಂದಿನ ಬೀದಿಯಲ್ಲೇ ಇರುವವನು.

ಆರನೆಯದು ಬಸವನಗುಡಿಯ ಒಂದು ನೇರ ರಸ್ತೆಯ ಮೇಲಿತ್ತು, ಎರಡು ಕ್ರಾಸ್‌ಗಳ ನಡುವೆ. ಆ ರಸ್ತೆಯಲ್ಲಿ ನಾನು ದಿನಕ್ಕೆ ನಾಲ್ಕು ಸಲ ಓಡಾಡುತ್ತೇನೆ. ಅಲ್ಲಿ ಯಾವ ದೇವರು ಎಂದು ಯೋಚಿಸಿದೆ. ಪೆನ್ನು ಹಾಳೆಯ ಮೇಲೆಯೇ ನಿಂತಿತು. ಪ್ರತಿ ಚುಕ್ಕೆಯ ಪಕ್ಕದಲ್ಲೂ ಕಣ್ಣು ಎಷ್ಟು ಸೆಕೆಂಡು ಮುಚ್ಚಿತ್ತು ಎಂದು ಸಣ್ಣಕ್ಷರದಲ್ಲಿತ್ತು. ಉಳಿದ ಆರಕ್ಕೂ ಒಂದು, ಒಂದೂವರೆ. ಇದಕ್ಕೆ ನಾಲ್ಕು. ಮಗಳು ಆ ಸಣ್ಣಕ್ಷರವನ್ನು ಗಮನಿಸಿರಲಿಲ್ಲ.

"ಇದು?" ಎಂದಳು.

"ಮರದ ಬುಡದಲ್ಲಿ ಒಂದು ಸಣ್ಣ ಗುಡಿ ಇದೆ. ನಿಂಗೊತ್ತಿಲ್ಲ," ಎಂದೆ, ಮತ್ತು ಹಾಳೆಯಲ್ಲಿ ಮುನೇಶ್ವರ ಎಂದು ಬರೆದೆ.

ಅವಳು ನಂಬಿದಳು. ನನ್ನ ಭುಜ ಹಿಡಿದುಕೊಂಡು ಸಾರಿ ಅಮ್ಮ ಎಂದಳು. ಆಮೇಲೆ ನನ್ನ ಮುಂದೆಯೇ ಆ ಯುವಕನಿಗೆ ಫೋನ್ ಮಾಡಿ, ಈ ಊರಿನ ರಸ್ತೆಗೆ ಹೊಂದದ ಕಾರನ್ನು ತಂದು ನಮ್ಮಮ್ಮನಿಗೆ ವಯಸ್ಸಾಯಿತು ಅನ್ನುತ್ತೀರಾ ಎಂದು ತರಾಟೆಗೆ ತೆಗೆದುಕೊಂಡಳು. ನನ್ನ ಮಗಳಿಗೆ ನನ್ನ ಸಿಟ್ಟು ಬಂದಿದೆ. ವ್ಯಾನಿನ ಮಾತು ಮುಗಿಯಿತು, ಸೋಮವಾರ ಮಗು ನನ್ನ ಜೊತೆಯೇ ಹೋಗುವುದೆಂದಾಯಿತು. ನಾನು ಗೆದ್ದಿದ್ದೆ, ಆದರೆ ಸಂಜೆ ಕಾಫಿ ಕುಡಿಯುತ್ತಾ ಆ ಹಾಳೆಯ ಆರನೆಯ ಸಾಲನ್ನೇ ಮತ್ತೆ ಮತ್ತೆ ಓದಿದೆ.

ಮರುದಿನ ಭಾನುವಾರ ತಿಂಡಿ ಮುಗಿಸಿ, ತರಕಾರಿ ತರುತ್ತೇನೆಂದು ಹೇಳಿ ಬಸವನಗುಡಿಗೆ ನಡೆದುಕೊಂಡು ಹೋದೆ. ಆ ಎರಡು ಕ್ರಾಸ್‌ಗಳ ನಡುವಿನ ರಸ್ತೆಯನ್ನು ಎಡಗಡೆಯ ಫುಟ್‌ಪಾತಿನಲ್ಲಿ ಹೋಗಿ ಬಲಗಡೆಯದರಲ್ಲಿ ಬಂದೆ. ಗುಡಿಯೇ ಆಗಬೇಕೆಂದಿಲ್ಲ, ಗೋಡೆಯಲ್ಲೊಂದು ಗೂಡು ಸಾಕು, ಗೂಡಿನಲ್ಲೊಂದು ಪಟ ಸಾಕು ಎಂದುಕೊಂಡೆ. ಮರಗಳ ಬುಡವನ್ನೆಲ್ಲ ನೋಡಿದೆ. ಒಂದರ ಬುಡದಲ್ಲಿ ಯಾರೋ ಎಳನೀರಿನ ಬುರುಡೆಗಳನ್ನು ರಾಶಿ ಹಾಕಿದ್ದರು, ಇನ್ನೊಂದಕ್ಕೆ ಬಾಡಿಗೆಗೆ ಮನೆಯಿದೆ ಎಂಬ ಬೋರ್ಡನ್ನು ಮೊಳೆ ಹೊಡೆದು ತೂಗುಹಾಕಿದ್ದರು. ಒಂದು ಮೆಡಿಕಲ್ ಶಾಪು, ಒಂದು ಟೈಲರ್ ಅಂಗಡಿ, ಬೀಗ ಹಾಕಿದ ಎರಡು ಮನೆ, ಹೊಸ ಅಪಾರ್ಟ್‌ಮೆಂಟು. ಕಣ್ಣಿಗೆ ಏನಾದರೂ ತಪ್ಪಿಹೋಗಿರಬಹುದು ಎಂದು ಮತ್ತೊಂದು ಸಲ ನಡೆದೆ.

ಕ್ರಾಸಿನಲ್ಲಿ ಒಬ್ಬಾಕೆ ಸೇವಂತಿಗೆ ಮೊಳ ಹಾಕುತ್ತಾ ಕೂತಿದ್ದಳು. ಈ ರಸ್ತೆಯಲ್ಲಿ ಗುಡಿ ಯಾವುದಾದರೂ ಇದೆಯೇ ಎಂದು ಕೇಳಿದೆ.

"ಇಲ್ಲಿ ಯಾವ ದೇವ್ರೂ ಇಲ್ಲ ಕಣಮ್ಮ," ಎಂದಳು. "ಹೂವು ಬೇಕಿತ್ತಾ?"

ಮೊದಲು ಇತ್ತೇನೋ, ರಸ್ತೆ ಅಗಲ ಮಾಡುವಾಗ ಕಿತ್ತರೇನೋ ಎಂದೆ. ತಾನು ಇಪ್ಪತ್ತು ವರ್ಷದಿಂದ ಇಲ್ಲೇ ಕೂರುತ್ತಿದ್ದೇನೆ, ಇದ್ದಿದ್ದರೆ ಗೊತ್ತಿರುತ್ತಿರಲಿಲ್ಲವೇ, ಇದ್ದಿದ್ದರೆ ತನ್ನ ವ್ಯಾಪಾರವೇ ಬೇರೆ ಇರುತ್ತಿತ್ತು ಎಂದು ಅವಳು ಸ್ವಲ್ಪ ಗಡುಸಾಗಿಯೇ ಹೇಳಿದಳು. ಅವಳ ಮೇಲೂ ನನಗೆ ಸಿಟ್ಟು ಬಂತು. ಬೇಡದಿದ್ದರೂ ಎರಡು ಮೊಳ ಹೂವು ತೆಗೆದುಕೊಂಡೆ.

ಮೆಡಿಕಲ್ ಶಾಪಿನ ಕಟ್ಟೆಯ ಮೇಲೆ ಕೂತು ಹಿಂದಿನ ದಿನವನ್ನು ಮೊದಲಿನಿಂದ ನೆನಪು ಮಾಡಿಕೊಂಡೆ. ಅವರೆಕಾಯಿಯವನ ಕೈಚೀಲದ ಬಣ್ಣ ನೆನಪಿತ್ತು. ಮಾರಮ್ಮನ ಗುಡಿಯ ಮುಂದೆ ನಿಂತಿದ್ದ ನೀರಿನ ಟ್ಯಾಂಕರ್ ನೆನಪಿತ್ತು. ದರ್ಗಾದ ಹತ್ತಿರ ಆಟೋದವನು ಬಲಗಡೆಯಿಂದ ನುಗ್ಗಿದ್ದು, ನಾನು ಹಾರ್ನ್ ಹೊಡೆದದ್ದು ನೆನಪಿತ್ತು. ಆಮೇಲೆ ಯುವಕ ಬ್ಯಾಟರಿಯ ಗ್ಯಾರಂಟಿ ಎಂಟು ವರ್ಷ ಎಂದ. ಆಮೇಲೆ ಟೀಂ ಟೀಂ ಎಂದಿತು, ಮತ್ತೆ ಶುರುವಾಯಿತಾ ನಿಂದು ಎಂದು ಬೈದೆ. ಇವೆರಡರ ನಡುವೆ ಈ ರಸ್ತೆ ಇರಬೇಕಿತ್ತು. ಈ ಮೆಡಿಕಲ್ ಶಾಪು, ಈ ಮರಗಳು ಇರಬೇಕಿತ್ತು. ಇರಲಿಲ್ಲ. ಕೈ ಕಣ್ಣಿಗೆ ಎದ್ದದ್ದೂ ಇರಲಿಲ್ಲ.

ನನ್ನ ಪರವಾಗಿ ನಾನೇ ವಾದ ಮಾಡಿದೆ. ಊಟ ಮಾಡಿ ಹೋಗಿದ್ದೆ. ಕಾರಿನಲ್ಲಿ ಸದ್ದಿರಲಿಲ್ಲ, ತಂಪಾಗಿತ್ತು, ಅವನು ಒಂದೇ ರಾಗದಲ್ಲಿ ಮಾತಾಡುತ್ತಿದ್ದ. ನನ್ನ ಹಳೆಯ ಕಾರಿನಲ್ಲಿ ಗೇರು ಹಾಕುತ್ತಿದ್ದರೆ ಹೀಗಾಗುತ್ತಿರಲಿಲ್ಲ. ಆದರೆ ಮಗುವನ್ನು ಕರೆತರಲು ನಾನು ಹೊರಡುವುದೂ ಊಟ ಮಾಡಿಯೇ. ಹೊರಡುವುದೂ ಅದೇ ಹೊತ್ತಿಗೆ, ಬರುವುದೂ ಇದೇ ರಸ್ತೆಯಲ್ಲಿ. ನಿನ್ನೆ ಆ ನಾಲ್ಕು ಸೆಕೆಂಡು ಕಾರು ತಾನೇ ಗೆರೆ ಹಿಡಿದು ನೇರವಾಗಿ ಹೋಯಿತು, ಅದಕ್ಕೇ ಪಕ್ಕದಲ್ಲಿದ್ದವನಿಗೂ ತಿಳಿಯಲಿಲ್ಲ. ನನ್ನ ಪುಟ್ಟ ಕಾರಿಗೆ ಅದು ಬರುವುದಿಲ್ಲ. ಕೂತಲ್ಲಿಯೇ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ನೋಡಿದೆ. ಅಷ್ಟರಲ್ಲಿ ಒಂದು ಸ್ಕೂಟರು ಈ ಕ್ರಾಸಿನಿಂದ ಹೊರಟು ಆ ಮನೆಗಳನ್ನೆಲ್ಲ ದಾಟಿಹೋಗಿತ್ತು.

ಈ ಹಿಂದೆ ಎಷ್ಟು ಸಲ ಹೀಗಾಗಿದೆಯೋ ನನಗೆ ಗೊತ್ತಿಲ್ಲ. ಎದ್ದು ಮನೆಯ ಕಡೆ ಹೊರಟೆ.

ಮನೆಗೆ ಬಂದಾಗ ಮಗಳು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಮೊಮ್ಮಗಳು ಮೇಲೆ ಟಿವಿ ಮುಂದಿದ್ದಳು. ತರಕಾರಿ ಎಲ್ಲಿ ಎಂದು ಮಗಳು ಕೇಳಿದಳು. ತಂದಿಲ್ಲ ಎಂದೆ. ಹೇಳದೆ ಇದ್ದುಬಿಡಬಹುದಿತ್ತು. ಹಾಳೆ ಇನ್ನೂ ಊಟದ ಮೇಜಿನ ಮೇಲೆಯೇ ಇತ್ತು, ಅದರಲ್ಲಿ ನನ್ನ ಅಕ್ಷರದಲ್ಲಿ ಮುನೇಶ್ವರ ಎಂದಿತ್ತು. ಆ ಕಾರಿನ ಮೇಲೆ ನನಗೆ ಈಗಲೂ ಸಿಟ್ಟಿದೆ, ಆ ಯುವಕ ಆಂಟಿ ಎಂದದ್ದರ ಮೇಲೂ ಇದೆ. ಆರು ಸಲ ತಪ್ಪು ಹೇಳಿದ ಯಂತ್ರ ಏಳು ಸಲವೂ ತಪ್ಪು ಹೇಳಿದ್ದರೆ ಅದಕ್ಕೇನು ನಷ್ಟವಾಗುತ್ತಿತ್ತು?

"ಆರನೇದು ಗುಡಿ ಅಲ್ಲ ಕಣೇ," ಎಂದೆ. "ಅಲ್ಲಿ ಏನೂ ಇಲ್ಲ. ಹೋಗಿ ನೋಡ್ಕೊಂಡು ಬಂದೆ. ನಾನು ನಿದ್ದೆ ಹೋಗಿದ್ದೆ."

ಅವಳ ಕೈ ಬೋಗುಣಿಯಲ್ಲಿಯೇ ನಿಂತಿತು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

"ನೀನಾಗೇ ಹೇಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಅಮ್ಮ," ಎಂದಳು.

"ನಂಗೂ ಗೊತ್ತಾಗ್ತಿರ್ಲಿಲ್ಲ," ಎಂದೆ. "ವ್ಯಾನಿನವರಿಗೆ ಫೋನ್ ಮಾಡು."